ಕಳ್ಳಜೋಡು

"ಹತ್ತು ನಿಮಿಷ, ಅಷ್ಟೇ" ಅಂದರು ಡಾಕ್ಟರು
ಚಿಕ್ಕಬಳ್ಳಾಪುರದ ತಣ್ಣನೆ ಕೋಣೆಯಲ್ಲಿ.
"ಹಸಿರು ಬೊಟ್ಟು ನೋಡ್ತಾ ಮಲಗಿರಿ, ಬೆಳಕು ಬೀಳತ್ತೆ,
ಎದ್ದರೆ ಗೋಡೆ ಗಡಿಯಾರ ಬರಿಗಣ್ಣಿಗೆ ಸಿಗಬೇಕು."
ಮೈನಸ್ ಆರೂವರೆ, ಮೈನಸ್ ಏಳು.
ಸಾಲದ ಚೀಟಿಯ ಹಾಗೆ ಮಡಚಿ ಕೊಟ್ಟರು
ನನ್ನ ಕಣ್ಣುಗಳ ಲೆಕ್ಕ.
ಶಿಡ್ಲಘಟ್ಟದ ಬಸ್ಸಿನ ಕಿಟಕಿಗೆ ಕೂತು
ಕನ್ನಡಕ ತೆಗೆದೆ, ಹಾಕಿದೆ, ತೆಗೆದೆ.
ನಂದಿಬೆಟ್ಟ ಹೋಯಿತು, ಬಂತು, ಹೋಯಿತು.

ನಮ್ಮಜ್ಜಿ ಪಿಳ್ಳಮ್ಮನ ಬಾಯಲ್ಲಿ ತೆಲುಗು.
ಅವಳಿಗೆ ಇದು ಕಳ್ಳಜೋಡು, ಕಣ್ಣಿನ ಜೋಡು.
ಇಸ್ಕೂಲಿನ ಕನ್ನಡ ಕಲಿತ ನನ್ನ ಕಿವಿಗೆ
ಇಬ್ಬರು ಕಳ್ಳರು,
ಕಿವಿಗೆ ಕಾಲು ಚಾಚಿ ಮೂಗಿನ ಮೇಲೆ ಕೂತವರು.
ಏನು ಕದ್ದರೆಂದು
ಅವರು ಬಂದ ರಾತ್ರಿಯೇ ಗೊತ್ತಾಯಿತು.
ನಾಲ್ಕನೇ ಕ್ಲಾಸಿನವರೆಗೆ ನನ್ನ ಆಕಾಶದ ಚುಕ್ಕಿಗಳು
ಸೇವಂತಿಗೆಯಷ್ಟು ದಪ್ಪ,
ಒಂದರ ಎಸಳು ಇನ್ನೊಂದಕ್ಕೆ ತಾಗಿ ಅರಳಿದವು.
ಕನ್ನಡಕ ಹಾಕಿ ತಲೆಯೆತ್ತಿದರೆ
ಬರೀ ಸಾಸಿವೆ.
"ಇಷ್ಟೇನಾ?" ಅಂತ ಅತ್ತೆ.
ಬೆಳಗ್ಗೆ ಹುಣಸೆಮರದಲ್ಲಿ
ಎಲೆಗೆ ಎಲೆ ಬೇರೆಯಾಗಿ ಕಂಡು ಸುಮ್ಮನಾದೆ.
ಕರಿಹಲಗೆ ಕಂಡಿತು.
ಸೋಡಾಬುಡ್ಡಿ ಅಂದವರ ಮುಖವೂ ಕಂಡಿತು.

ಹೆಣ್ಣು ನೋಡೋಕೆ ಬಂದ ದಿನ
ಅಮ್ಮ ಅದನ್ನು ರಾಗಿಹಿಟ್ಟಿನ ಡಬ್ಬಿಗೆ ಹಾಕಿದಳು.
"ಅರ್ಧ ಗಂಟೆ ತಡ್ಕೋ. ತಟ್ಟೆ ಹಿಡ್ಕೊಂಡು ನೆಲ ನೋಡು,
ಹೆಂಗಿದ್ರೂ ಹೆಣ್ಣು ನೆಲಾನೇ ನೋಡೋದು."
ಹೆಜ್ಜೆ ಎಣಿಸಿಕೊಂಡು ಹೋದೆ.
ಒಂದು ಬಿಳೀ ಮಂಜಿಗೆ ಕಾಫಿ ಕೊಟ್ಟೆ,
ಅದು ಹುಡುಗನ ಸೋದರಮಾವ.
ಇನ್ನೊಂದು ಬಿಳೀ ಮಂಜು ಕೈ ಚಾಚಿ
ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು.
ಪಾಪ, ನಾಚಿಕೆ ಅಂದುಕೊಂಡೆ.
"ಹುಡುಗ ಒಪ್ಪಿಗೆಯೇನೇ?"
"ಅಂಗಿ ಒಪ್ಪಿಗೆ" ಅಂದೆ. ಮನೆಯೆಲ್ಲ ನಕ್ಕಿತು.
ನಾನು ಇದ್ದದ್ದು ಹೇಳಿದ್ದೆ.

ಮದುವೆಯಾಗಿ ಮೂರನೇ ರಾತ್ರಿ
ದೀಪ ಆರಿದ ಮೇಲೆ ದಿಂಬಿನಡಿ ಕೈಯಿಟ್ಟರೆ
ಅಲ್ಲಿ ಇನ್ನೊಂದು ಕೈ, ಇನ್ನೊಂದು ಫ್ರೇಮು.
ಆಂಜಿನಪ್ಪ, ಮೈನಸ್ ಐದು.
ಅಜ್ಜಿ ಸರಿಯಾಗಿಯೇ ಹೇಳಿದ್ದಳು:
ಕಳ್ಳ ಜೋಡು.

ನೂಲು ಬಿಚ್ಚೋ ಮನೆ ನಮ್ಮದು.
ಕುದಿಯುವ ಬಾಣಲೆ ಮುಂದೆ ಆವಿ ಹತ್ತಿ
ಕನ್ನಡಕವೇ ಕುರುಡು.
ತೆಗೆದು ಸೊಂಟಕ್ಕೆ ಸಿಕ್ಕಿಸಿ ಬಗ್ಗುತ್ತೇನೆ.
ಒಂದು ಗೇಣಿನ ಆ ಸೀಮೆಯಲ್ಲಿ
ನನ್ನ ಕಣ್ಣಿನದೇ ಪಾಳೇಗಾರಿಕೆ.
ತಾಹೇರಾ ಬೀ ತಡಕಾಡಿ ಕೈಬಿಟ್ಟ ಗೂಡಿನ
ಎಳೆಯ ತುದಿ,
ನೀರಿನ ಬಣ್ಣದ್ದು, ನೀರಿಗಿಂತ ತೆಳ್ಳಗಿನದು,
ಎರಡು ಬೆರಳಲ್ಲಿ ಎತ್ತಿ ಕೊಡುತ್ತೇನೆ.
ಸೂಜಿಗೆ ದಾರ ಹಾಕಿಸೋಕೆ ಓಣಿಯೇ ಬರುತ್ತದೆ.

ಇದನ್ನೂ ಕೇಳಿದೆ ಡಾಕ್ಟರನ್ನು.
ಸುಳ್ಳು ಹೇಳಲಿಲ್ಲ ಅವರು.
"ದೂರ ಬರತ್ತೆ. ನಲವತ್ತು ದಾಟಿದ ಮೇಲೆ
ಹತ್ತಿರಕ್ಕೆ ಬೇರೆ ಗಾಜು ಬೇಕಾಗತ್ತೆ, ಎಲ್ಲರ ಹಾಗೆ."
ಎಲ್ಲರ ಹಾಗೆ.
ನಾನು ಬಸ್ಸಿಳಿದರೂ ಆ ಮಾತು ಇಳಿಯಲಿಲ್ಲ.

ಏಳನೇ ಕ್ಲಾಸಿನ ಮೋನಿಷ, ಮೈನಸ್ ಮೂರು,
ಕೆಂಪು ದುಂಡು ಫ್ರೇಮೇ ಬೇಕೆಂದು ಅಂಗಡಿಯಲ್ಲಿ ಹಟ ಹಿಡಿದವಳು
ಫೋಟೋಗೆ ಮಾತ್ರ ತೆಗೆಯುತ್ತಾಳೆ.
"ನೀನು ಮೊದ್ಲು ಮಾಡ್ಸಮ್ಮ,
ನೋವಾಗತ್ತಾ ಹೇಳು."

ಚೀಟಿ ಹಣ ಅರ್ಧ ಕೂಡಿದೆ.
ಮಳೆ ಬಂದ ದಿನ ಸೆರಗಲ್ಲಿ ಒರೆಸಿ ಒರೆಸಿ ಸಾಕಾಗಿ
ಮಾಡಿಸಿಯೇಬಿಡಬೇಕು ಅನಿಸುತ್ತದೆ.
ಕರೆಂಟು ಹೋದ ರಾತ್ರಿ
ಮಾಳಿಗೆ ಮೇಲೆ ಬರಿಗಣ್ಣಲ್ಲಿ ಮಲಗಿ
ಸೇವಂತಿಗೆ ಎಣಿಸುತ್ತೇನೆ.

ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕು.
ಕತ್ತಲಲ್ಲಿ ಕಿಟಕಿ ಹಲಗೆ ತಡವಿ
ಸಿಕ್ಕಿದ್ದನ್ನು ಹಾಕಿಕೊಂಡರೆ
ಬಾಗಿಲು ಕೊಂಚ ವಾಲಿರುತ್ತದೆ, ನೆಲ ಇಳಿಜಾರು,
ಆಂಜಿನಪ್ಪನ ಮುಖ ಇರುವ ಜಾಗಕ್ಕಿಂತ
ಚೂರು ಅತ್ತ.
"ಇದು ನಿಂದು" ಅಂತೀನಿ.
"ಹೂಂ, ನಂದು ಕೊಡು" ಅಂತಾನೆ
ನಂದನ್ನು ಹಾಕಿಕೊಂಡು.